ಚಂದ್ರನ ಮೇಲೆ ಓಡಿದ ವಾಚು: ಹತ್ತೂವರೆ ಕೋಟಿಯ ಬೆಲೆ ಬಂದಿದ್ದು ಎಲ್ಲಿಂದ?



ಫಿಸಿಕ್ಸ್ ಕ್ಲಾಸಿನಲ್ಲೋ ಯೂಟ್ಯೂಬಿನಲ್ಲೋ ನೀವು ಒಂದು ಹಳೇ ವಿಡಿಯೋ ನೋಡಿರ್ತೀರಿ. ಚಂದ್ರನ ಮೇಲೆ ನಿಂತ ಒಬ್ಬ ಗಗನಯಾತ್ರಿ ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಗಿಡುಗದ ಗರಿ ಹಿಡಿದು ಎರಡನ್ನೂ ಒಟ್ಟಿಗೆ ಬಿಡ್ತಾನೆ. ಗಾಳಿ ಇಲ್ಲದ ಜಾಗ. ಎರಡೂ ಒಂದೇ ಹೊತ್ತಿಗೆ ನೆಲ ಮುಟ್ಟುತ್ತವೆ. ಗೆಲಿಲಿಯೋ ಹೇಳಿದ್ದು ಸರಿ ಅಂತ ಅವನು ನಗುತ್ತಾ ಹೇಳ್ತಾನೆ.

ಅದು 1971ರ ಆಗಸ್ಟ್ 2. ಆ ಮನುಷ್ಯ ಡೇವಿಡ್ ಸ್ಕಾಟ್, ಅಪೋಲೋ 15ರ ಕಮಾಂಡರ್. ಆ ದಿನ ಅವನ ಸ್ಪೇಸ್‌ಸೂಟಿನ ತೋಳಿನ ಮೇಲೆ ಒಂದು ವಾಚಿತ್ತು. ಇವತ್ತಿನ ಕಥೆ ಆ ವಾಚಿಂದು. 2015ರ ಅಕ್ಟೋಬರಿನಲ್ಲಿ ಅಮೆರಿಕದ ಬಾಸ್ಟನ್‌ನ ಆರ್‌ಆರ್ ಆಕ್ಷನ್ ಅನ್ನೋ ಹರಾಜು ಸಂಸ್ಥೆ ಅದನ್ನು ಮಾರಿತು. ಬೆಲೆ 16,25,000 ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು ಹತ್ತೂವರೆ ಕೋಟಿ ರೂಪಾಯಿ.

ಕಾಮರ್ಸ್ ಓದಿದವರಿಗೆ ಸವಕಳಿ ಗೊತ್ತು. ವಸ್ತು ಹಳೇದಾದಷ್ಟೂ ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆ ಇಳಿಯುತ್ತೆ. ಈ ವಾಚಿನಲ್ಲಿ ಚಿನ್ನವಿಲ್ಲ, ವಜ್ರವಿಲ್ಲ. ಉಕ್ಕಿನ ಕೇಸು, ವೆಲ್ಕ್ರೋ ಪಟ್ಟಿ. ಮತ್ತೆ ಅಷ್ಟು ದುಡ್ಡು ಯಾವುದಕ್ಕೆ?

ಪೈಲಟ್‌ಗೆ ಕ್ರೋನೋಗ್ರಾಫ್ ಯಾಕೆ?

ಮೊದಲು ಕ್ರೋನೋಗ್ರಾಫ್ ಅಂದ್ರೆ ಏನು ಅಂತ ನೋಡೋಣ. ಟೈಮ್ ತೋರಿಸೋ ವಾಚಿನೊಳಗೇ ಒಂದು ಸ್ಟಾಪ್‌ವಾಚ್ ಕೂರಿಸಿದರೆ ಅದು ಕ್ರೋನೋಗ್ರಾಫ್. ಪಕ್ಕದಲ್ಲಿ ಸಾಮಾನ್ಯವಾಗಿ ಎರಡು ಬಟನ್ ಇರ್ತವೆ. ಒಂದು ಒತ್ತಿದರೆ ಶುರು, ಮತ್ತೆ ಒತ್ತಿದರೆ ನಿಲ್ಲುತ್ತೆ. ಇನ್ನೊಂದು ಒತ್ತಿದರೆ ಮುಳ್ಳು ಸೊನ್ನೆಗೆ ವಾಪಸ್. ಒಳಗಿನ ಪುಟ್ಟ ಪುಟ್ಟ ಡಯಲ್‌ಗಳು ಕಳೆದ ನಿಮಿಷ, ಗಂಟೆಗಳನ್ನು ಎಣಿಸುತ್ತವೆ.

ಜಿಪಿಎಸ್ ಇಲ್ಲದ ಕಾಲದಲ್ಲಿ ಪೈಲಟ್‌ಗೆ ಇದು ಶೋಕಿ ಆಗಿರಲಿಲ್ಲ. ಈ ವೇಗದಲ್ಲಿ, ಈ ದಿಕ್ಕಿನಲ್ಲಿ ಇಷ್ಟು ನಿಮಿಷ ಹಾರಿದೆ, ಹಾಗಾದರೆ ಈಗ ಎಲ್ಲಿದ್ದೀನಿ? ಟ್ಯಾಂಕಿನಲ್ಲಿ ಇನ್ನೆಷ್ಟು ಇಂಧನ ಉಳಿದಿರಬೇಕು? ಈ ಲೆಕ್ಕಕ್ಕೆಲ್ಲ ಕೈಗಡಿಯಾರವೇ ಆಧಾರ.

ಆಗಿನ ನಾಸಾ ಗಗನಯಾತ್ರಿಗಳಲ್ಲಿ ಬಹುತೇಕರು ಮಿಲಿಟರಿ ಪೈಲಟ್‌ಗಳೇ. ಸ್ಕಾಟ್ ಅಮೆರಿಕದ ವಾಯುಪಡೆಯ ಟೆಸ್ಟ್ ಪೈಲಟ್. 1966ರಲ್ಲಿ ಜೆಮಿನಿ 8ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಜೊತೆ ಹಾರಿದ್ದ, 1969ರಲ್ಲಿ ಅಪೋಲೋ 9ರಲ್ಲಿ ಹಾರಿದ್ದ. ಈ ಪೈಲಟ್‌ಗಳು ಬಾಹ್ಯಾಕಾಶಕ್ಕೂ ವಾಚ್ ಕಟ್ಟಿಕೊಂಡೇ ಹೋದರು. ಅದಕ್ಕಾಗಿ ನಾಸಾ ಕೆಲವು ಕಂಪನಿಗಳ ಕ್ರೋನೋಗ್ರಾಫ್‌ಗಳನ್ನು ಬಿಸಿ, ಚಳಿ, ನಿರ್ವಾತ, ಕಂಪನ ಎಲ್ಲದಕ್ಕೂ ಒಡ್ಡಿ ಪರೀಕ್ಷೆ ಮಾಡಿತು. 1965ರ ಮಾರ್ಚಿನಲ್ಲಿ ಪಾಸಾಗಿದ್ದು ಒಂದೇ, ಒಮೇಗಾ ಸ್ಪೀಡ್‌ಮಾಸ್ಟರ್.

ಅದು ಕೆಲಸಕ್ಕೂ ಬಂತು. 1970ರಲ್ಲಿ ಅಪೋಲೋ 13ರ ಆಮ್ಲಜನಕದ ಟ್ಯಾಂಕ್ ಸ್ಫೋಟವಾಗಿ, ವಿದ್ಯುತ್ ಉಳಿಸಲು ಉಪಕರಣಗಳನ್ನು ಆಫ್ ಮಾಡಿ ಮೂವರು ಭೂಮಿಗೆ ವಾಪಸ್ ಬರ್ತಿದ್ದಾಗ, ದಾರಿ ಸರಿಪಡಿಸೋಕೆ 14 ಸೆಕೆಂಡು ಎಂಜಿನ್ ಉರಿಸಬೇಕಾಯ್ತು. ಆ 14 ಸೆಕೆಂಡು ಎಣಿಸಿದ್ದು ಕೈಯಲ್ಲಿದ್ದ ಸ್ಪೀಡ್‌ಮಾಸ್ಟರ್.

ಗಾಜು ಕಿತ್ತುಹೋಯ್ತು

ಈಗ ಅಪೋಲೋ 15ಕ್ಕೆ ಬರೋಣ. ಸ್ಕಾಟ್ ಮತ್ತು ಜೇಮ್ಸ್ ಇರ್ವಿನ್ ಹ್ಯಾಡ್ಲಿ ರಿಲ್ ಅನ್ನೋ ಕಣಿವೆಯ ಪಕ್ಕ ಇಳಿದರು. ಮೂರನೆಯವನಾದ ಆಲ್ಫ್ರೆಡ್ ವರ್ಡನ್ ಮೇಲೆ ಕಕ್ಷೆಯಲ್ಲೇ ಸುತ್ತುತ್ತಿದ್ದ. ಚಂದ್ರನ ಮೇಲೆ ಮೊದಲ ಸಲ ಮನುಷ್ಯ ಗಾಡಿ ಓಡಿಸಿದ್ದು ಇದೇ ಯಾನದಲ್ಲಿ. ಇಬ್ಬರೂ ಮೂರು ದಿನ, ಮೂರು ಸಲ ಹೊರಗೆ ಹೋಗಿ ಕೆಲಸ ಮಾಡಿದರು.

ಬೆನ್ನಿನ ಚೀಲದಲ್ಲಿ ಆಮ್ಲಜನಕ ಇಷ್ಟೇ, ಸೂಟು ತಂಪಾಗಿಡೋ ನೀರು ಇಷ್ಟೇ. ಗಾಡಿಯಲ್ಲಿ ಎಷ್ಟು ದೂರ ಹೋದರೂ, ಅದು ಕೈಕೊಟ್ಟರೆ ನಡೆದು ವಾಪಸ್ ಬರುವಷ್ಟು ಮಿಕ್ಕಿರಬೇಕು. ಅಲ್ಲಿ ಟೈಮ್ ಅಂದ್ರೆ ಉಸಿರು.

ಎರಡನೇ ಸಲ ಹೊರಗೆ ಹೋಗಿ ಬಂದು ನೋಡಿದರೆ ಸ್ಕಾಟ್‌ನ ಒಮೇಗಾ ವಾಚಿನ ಮೇಲಿನ ಗಾಜು ಇಲ್ಲ, ಕಿತ್ತುಹೋಗಿದೆ! ಅವನ ಹತ್ತಿರ ಇನ್ನೊಂದು ವಾಚಿತ್ತು, ಅಮೆರಿಕದ ಬುಲೋವಾ ಕಂಪನಿಯ ಕ್ರೋನೋಗ್ರಾಫ್. ಬಳಸಿ ನೋಡಿ, ಹೇಗಿದೆ ಹೇಳಿ ಅಂತ ಕೊಟ್ಟಿದ್ದ ವಾಚು. ಮೂರನೇ ಸಲ ಅದನ್ನೇ ತೋಳಿಗೆ ಕಟ್ಟಿಕೊಂಡು ಇಳಿದ. ಸುತ್ತಿಗೆ, ಗರಿ ಬಿಟ್ಟಿದ್ದು ಆ ಸಲವೇ.

ಬೆಲೆ ಹುಟ್ಟಿದ್ದು ಆ ಕೆಲವು ಗಂಟೆಗಳಲ್ಲಿ. ಗಾಜು ಕೀಳದೇ ಇದ್ದಿದ್ದರೆ ಬುಲೋವಾ ಬ್ಯಾಗಿನಲ್ಲೇ ಉಳಿದು ವಾಪಸ್ ಬರ್ತಿತ್ತು.

ಮಾರೋ ಹಕ್ಕು ಯಾರದು?

ಈಗ ಒಂದು ಪ್ರಶ್ನೆ. ಚಂದ್ರನ ಮೇಲೆ ನಡೆದಿದ್ದು ಹನ್ನೆರಡು ಜನ. ಅವರಲ್ಲಿ ಹೆಚ್ಚಿನವರು ಕಟ್ಟಿಕೊಂಡಿದ್ದು ಸ್ಪೀಡ್‌ಮಾಸ್ಟರ್. ಹಾಗಿದ್ರೆ ಆ ಒಮೇಗಾಗಳು ಯಾಕೆ ಹರಾಜಿಗೆ ಬರಲಿಲ್ಲ?

ಉತ್ತರ ಸಿಂಪಲ್. ಅವು ಸರ್ಕಾರದ ಸ್ವತ್ತು. ದುಡ್ಡು ಕೊಟ್ಟು ತಂದಿದ್ದು ನಾಸಾ. ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕು. ಕೊನೆಗೆ ಅವು ಸೇರಬೇಕಾದದ್ದು ಸ್ಮಿತ್‌ಸೋನಿಯನ್ ಮ್ಯೂಸಿಯಂ. ಬಝ್ ಆಲ್ಡ್ರಿನ್‌ನ ಅಪೋಲೋ 11ರ ವಾಚು ಆ ದಾರಿಯಲ್ಲೇ ಕಳೆದುಹೋಯ್ತು, ಇವತ್ತಿಗೂ ಸಿಕ್ಕಿಲ್ಲ. ಸಿಕ್ಕರೂ ಕೈಯಲ್ಲಿಟ್ಟುಕೊಂಡವರು ಅದನ್ನು ನ್ಯಾಯವಾಗಿ ಮಾರೋಕೆ ಆಗಲ್ಲ.

ಸ್ಕಾಟ್‌ನ ಬುಲೋವಾ ಹಾಗಲ್ಲ. ಅದು ಅವನ ಸ್ವಂತದ್ದು. ಹರಾಜಿನಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು ಇದೇ: ಚಂದ್ರನ ನೆಲದಲ್ಲಿ ಕಟ್ಟಿಕೊಂಡಿದ್ದ, ಖಾಸಗಿ ಸ್ವತ್ತಾದ ವಾಚು.

ಆದರೆ ಈ 'ಸ್ವಂತದ್ದು' ಅನ್ನೋ ಮಾತಿನ ಹಿಂದೆ ಒಂದು ಕಹಿ ಕಥೆಯೂ ಇದೆ. ಅಪೋಲೋ 15ರ ಮೂವರೂ ಅನುಮತಿ ಪಡೆದ ಅಂಚೆ ಲಕೋಟೆಗಳ ಜೊತೆ, ಅನುಮತಿ ಇಲ್ಲದ ಸುಮಾರು 400 ಲಕೋಟೆಗಳನ್ನೂ ಚಂದ್ರನಿಗೆ ಒಯ್ದಿದ್ದರು. ಅದರಲ್ಲಿ 100 ಲಕೋಟೆ ಜರ್ಮನಿಯ ಒಬ್ಬ ಸ್ಟಾಂಪ್ ವ್ಯಾಪಾರಿಗೆ ಹೋದವು. ಬದಲಿಗೆ ಒಬ್ಬೊಬ್ಬರಿಗೂ ಸುಮಾರು 7,000 ಡಾಲರ್ ಸಿಗುವ ಒಪ್ಪಂದ. ವ್ಯಾಪಾರಿ ಮಾರೋಕೆ ಶುರು ಮಾಡಿದ ಮೇಲೆ ವಿಷಯ ಹೊರಬಿತ್ತು. ಮೂವರೂ ದುಡ್ಡು ಬೇಡ ಅಂದರು. ಆದರೂ 1972ರಲ್ಲಿ ನಾಸಾ ಛೀಮಾರಿ ಹಾಕಿತು, ಸೆನೆಟ್ ಸಮಿತಿ ವಿಚಾರಣೆ ಮಾಡಿತು. ಮೂವರಲ್ಲಿ ಒಬ್ಬರೂ ಮತ್ತೆ ಬಾಹ್ಯಾಕಾಶಕ್ಕೆ ಹೋಗಲಿಲ್ಲ. ಈ ಬುಲೋವಾ ವಾಚನ್ನು ಒಯ್ಯೋಕೂ ಸ್ಕಾಟ್ ಮೊದಲೇ ಮೇಲಧಿಕಾರಿಯ ಒಪ್ಪಿಗೆ ಪಡೆದಿರಲಿಲ್ಲ ಅನ್ನೋದು ಆಗಲೇ ಬೆಳಕಿಗೆ ಬಂದಿದ್ದು.

ಉಳಿದ ಲಕೋಟೆಗಳನ್ನು ಸರ್ಕಾರ ವಶಕ್ಕೆ ತಗೊಂಡಿತ್ತು. ವರ್ಡನ್ ಕೋರ್ಟಿಗೆ ಹೋದ ಮೇಲೆ 1983ರಲ್ಲಿ ವಾಪಸ್ ಕೊಟ್ಟಿತು.

ಜಗಳ ಅಲ್ಲಿಗೇ ನಿಲ್ಲಲಿಲ್ಲ. 2011ರಲ್ಲಿ ಅಪೋಲೋ 14ರ ಎಡ್ಗರ್ ಮಿಚೆಲ್ ಚಂದ್ರನಿಂದ ತಂದಿದ್ದ ಕ್ಯಾಮೆರಾ ಮಾರಲು ಹೊರಟಾಗ ಸರ್ಕಾರ ಕೇಸ್ ಹಾಕಿತು. ಅವರು ಕ್ಯಾಮೆರಾ ಬಿಟ್ಟುಕೊಟ್ಟರು. ಅಪೋಲೋ 13ರ ಜಿಮ್ ಲೊವೆಲ್ ತಮ್ಮ ಚೆಕ್‌ಲಿಸ್ಟ್ ಪುಸ್ತಕ ಹರಾಜು ಹಾಕಿದಾಗಲೂ ಇದೇ ತಕರಾರು. ಕೊನೆಗೆ 2012ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಒಬಾಮ ಒಂದು ಕಾನೂನಿಗೆ ಸಹಿ ಹಾಕಿದರು. ಮರ್ಕ್ಯುರಿಯಿಂದ 1975ರ ಅಪೋಲೋ-ಸೋಯುಜ್‌ವರೆಗಿನ ಗಗನಯಾತ್ರಿಗಳು ನೆನಪಿಗೆ ಅಂತ ಇಟ್ಟುಕೊಂಡ ಬಿಡಿ ವಸ್ತುಗಳು ಅವರದ್ದೇ ಅಂತ ಆ ಕಾನೂನು ಒಪ್ಪಿತು. ಚಂದ್ರನ ಕಲ್ಲು, ಮಣ್ಣು ಮಾತ್ರ ಆ ಲೆಕ್ಕಕ್ಕೆ ಸೇರಲಿಲ್ಲ.

ಮೂರು ವರ್ಷದ ಮೇಲೆ ಬುಲೋವಾ ಹರಾಜಿಗೆ ಬಂತು. ಅಂದ್ರೆ ನೋಡಿ, ಹಿಂದೆ ಲಕೋಟೆ ಮಾರೋಕೆ ಹೋಗಿ ಹೆಸರು ಕೆಡಿಸಿಕೊಂಡಿದ್ದ ಅದೇ ಮನುಷ್ಯ, 40 ವರ್ಷ ದಾಟಿದ ಮೇಲೆ ತನ್ನ ವಾಚನ್ನು ಎಲ್ಲರೆದುರು ಮಾರಿದ. ಎರಡೂ ಚಂದ್ರನಿಂದಲೇ ಬಂದ ವಸ್ತುಗಳು. ಒಂದು ಗುಟ್ಟಿನ ವ್ಯವಹಾರ. ಇನ್ನೊಂದರಲ್ಲಿ ಈ ವಾಚು ಯಾರದು, ಎಲ್ಲಿ ಬಳಸಿದ್ದು ಅಂತ ಮಾಲೀಕನೇ ಸಹಿ ಹಾಕಿ ಬರೆದ ಪತ್ರ ಜೊತೆಗಿತ್ತು.

ದುಡ್ಡು ಕೊಡೋದು ಯಾವುದಕ್ಕೆ?

ಹರಾಜಿನ ಮರುವರ್ಷ ಬುಲೋವಾ ಕಂಪನಿ ಅದೇ ರೂಪದ ವಾಚನ್ನು ಕ್ವಾರ್ಟ್ಜ್ ಯಂತ್ರ ಹಾಕಿ ಮಾರುಕಟ್ಟೆಗೆ ಬಿಟ್ಟಿತು. ಬೆಲೆ ಕೆಲವು ನೂರು ಡಾಲರ್. ನೋಡೋಕೆ ಅಣ್ಣತಮ್ಮಂದಿರ ಹಾಗೆ. ಒಂದು ನೂರರ ಲೆಕ್ಕ, ಇನ್ನೊಂದು ಹದಿನಾರು ಲಕ್ಷ ಡಾಲರ್. ನಡುವಿನ ವ್ಯತ್ಯಾಸ ಪೂರ್ತಿ ಕಥೆಯ ಬೆಲೆ. ಕಥೆ ಅಂದ್ರೆ ಬಾಯಿಮಾತಲ್ಲ, ದಾಖಲೆ ಇರೋ ಕಥೆ.

ದಾಖಲೆ ಯಾಕೆ ಮುಖ್ಯ ಅಂತ ಒಮೇಗಾನೇ ನೋವುಂಡು ಕಲಿತಿದೆ. 2021ರ ನವೆಂಬರಿನಲ್ಲಿ ಜಿನೀವಾದಲ್ಲಿ 1957ರ ಸ್ಪೀಡ್‌ಮಾಸ್ಟರ್ ಒಂದು 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಹೆಚ್ಚಿಗೆ ಹೋಯ್ತು. ಕೊಂಡಿದ್ದು ಒಮೇಗಾದ ಮ್ಯೂಸಿಯಂ. 2023ರಲ್ಲಿ ಗೊತ್ತಾಯ್ತು, ಅದು ಬೇರೆ ಬೇರೆ ವಾಚುಗಳ ಭಾಗ ಸೇರಿಸಿ ಕಟ್ಟಿದ ವಾಚು. ತನ್ನದೇ ಮಾಜಿ ನೌಕರರು ಇದರಲ್ಲಿ ಭಾಗಿ ಅಂತ ಕಂಪನಿಯೇ ಹೇಳಿತು. ತಯಾರಿಸಿದ ಕಂಪನಿಗೇ ಹೀಗಾದರೆ, ಮಾಮೂಲಿ ಗಿರಾಕಿಯ ಪಾಡೇನು?

ಅದಕ್ಕೇ ಹಳೇ ವಾಚಿನ ಮಾರುಕಟ್ಟೆಯಲ್ಲಿ ಅನುಭವಸ್ಥರು ವಾಚಿಗಿಂತ ಮೊದಲು ಮಾರುವವನನ್ನು ನೋಡ್ತಾರೆ. ಮೊದಲ ಮಾಲೀಕ ಯಾರು? ಅವನಿಂದ ಇಲ್ಲಿಯವರೆಗೆ ಎಷ್ಟು ಕೈ ಬದಲಾಗಿದೆ? ವಾಚಿನ ಮೇಲಿನ ನಂಬರ್ ಕಾಗದದ ನಂಬರ್‌ಗೆ ಹೊಂದುತ್ತಾ? ಆ ವಾಚು ಕಟ್ಟಿಕೊಂಡ ಫೋಟೋ ಇದೆಯಾ? ನಡುವೆ ಒಂದು ಕೊಂಡಿ ಕಳಚಿದರೂ ಬೆಲೆ ಬೀಳುತ್ತೆ. 2017ರಲ್ಲಿ ನಟ ಪಾಲ್ ನ್ಯೂಮನ್‌ನ ರೋಲೆಕ್ಸ್ ಕ್ರೋನೋಗ್ರಾಫ್ 1 ಕೋಟಿ 77 ಲಕ್ಷ ಡಾಲರ್ ದಾಟಿತಲ್ಲ, ಅದರ ಹಿಂಬದಿಯಲ್ಲಿ ಹೆಂಡತಿ ಕೆತ್ತಿಸಿದ್ದ ಸಾಲಿತ್ತು. ನ್ಯೂಮನ್ ಅದನ್ನು ಕೊಟ್ಟಿದ್ದು ಮಗಳ ಗೆಳೆಯನಿಗೆ. ಮಾರಾಟಕ್ಕೆ ಬಂದಿದ್ದು ಅವನ ಕೈಯಿಂದಲೇ. ಕೊಂಡಿ ಎಲ್ಲೂ ಕಳಚಿರಲಿಲ್ಲ.

ಬೆಂಗಳೂರಿನ ಒಂದು ಎಳೆ

ನಮ್ಮೂರಿಗೂ ಇದಕ್ಕೂ ಒಂದು ಸಣ್ಣ ನಂಟಿದೆ. ಬುಲೋವಾ ಕಂಪನಿಯನ್ನು 2008ರಲ್ಲಿ ಕೊಂಡಿದ್ದು ಜಪಾನಿನ ಸಿಟಿಜನ್. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಗಿದ್ದು ಅದೇ ಸಿಟಿಜನ್ ಕಂಪನಿಯ ತಾಂತ್ರಿಕ ಸಹಯೋಗದಲ್ಲಿ. ಎಚ್‌ಎಂಟಿ 'ಪೈಲಟ್' ಅನ್ನೋ ಕಪ್ಪು ಡಯಲಿನ ವಾಚೂ ಮಾಡ್ತಿತ್ತು. ಅದು ಕ್ರೋನೋಗ್ರಾಫ್ ಅಲ್ಲ, ದಿನಾ ಕೀ ಕೊಡೋ ಸಾದಾ ವಾಚು. ಆದರೆ ಇವತ್ತಿಗೂ ಅದನ್ನು ಹುಡುಕೋ ಹುಡುಗರಿದ್ದಾರೆ. ಬೇರೆ ಬೇರೆ ವಾಚಿನ ಭಾಗ ಸೇರಿಸಿ, ಡಯಲಿಗೆ ಹೊಸ ಬಣ್ಣ ಬಳಿದು ಹಳೇದು ಅಂತ ಮಾರೋದು ಆನ್‌ಲೈನಿನಲ್ಲಿ ಮಾಮೂಲಿ. ಹಾಗಾಗಿ ಮೇಲಿನ ಪ್ರಶ್ನೆಗಳು ಎರಡು ಸಾವಿರದ ವಾಚಿಗೂ ಅನ್ವಯ.

ಮನೆಯಲ್ಲಿ ತಾತನ ವಾಚಿದ್ದರೆ ಒಂದು ಕೆಲಸ ಮಾಡಿ. ಅದನ್ನು ಪಾಲಿಶ್ ಮಾಡಿಸೋಕೆ ಓಡಬೇಡಿ. ಅವರು ಅದನ್ನು ಕಟ್ಟಿಕೊಂಡಿರೋ ಫೋಟೋ ಹುಡುಕಿ. ಯಾವಾಗ ತಗೊಂಡ್ರು, ಯಾಕೆ ತಗೊಂಡ್ರು, ಮೊದಲ ಸಂಬಳದ್ದಾ, ಮದುವೆಗೆ ಮಾವ ಕೊಟ್ಟಿದ್ದಾ ಅಂತ ಕೇಳಿ. ಒಂದು ಹಾಳೆಯಲ್ಲಿ ಬರೆದು, ವಾಚಿನ ನಂಬರ್ ಹಾಕಿ, ಅವರ ಕೈಯಲ್ಲೇ ಸಹಿ ಮಾಡಿಸಿಕೊಳ್ಳಿ. ಅದಕ್ಕೆ ಕೋಟಿ ಬರಲ್ಲ, ನಿಜ. ಆದರೆ ಆ ಹಾಳೆ ಇಲ್ಲದಿದ್ದರೆ ಇನ್ನು ಮೂವತ್ತು ವರ್ಷಕ್ಕೆ ಅದು ಯಾರದೋ ಡ್ರಾಯರಿನಲ್ಲಿ ನಿಂತುಹೋದ ಒಂದು ವಾಚು, ಅಷ್ಟೇ.