ಐಕ್ಳ ರೈಲು

ಹೋದ ಮೇ ತಿಂಗಳಲ್ಲಿ ಹನೂರಿನಿಂದ ಅವ್ವ ಬುಡಾಪೆಸ್ಟಿಗೆ ಬಂದಿದ್ದಳು. ಕೋಟೆ, ಡ್ಯಾನ್ಯೂಬ್ ಸೇತುವೆಗಳನ್ನು ಅರ್ಧ ದಿನದಲ್ಲಿ ಮುಗಿಸಿದಳು. ಅವಳು ಕದಲದೆ ನಿಂತದ್ದು ಬುಡಾ ಬೆಟ್ಟಗಳ ಮಕ್ಕಳ ರೈಲಿನ ಒಂದು ಪುಟ್ಟ ಸ್ಟೇಷನ್ನಿನಲ್ಲಿ. ಸಮವಸ್ತ್ರದ ಹುಡುಗನೊಬ್ಬ ಹೊರಟ ರೈಲಿಗೆ ಸೆಲ್ಯೂಟ್ ಹೊಡೆಯುತ್ತಿದ್ದ.

"ಈ ಐಕ್ಳು ಇಸ್ಕೂಲ್ಗ ಹೋಗದಿಲ್ವ ಮಗ?"

ಹೋಗುತ್ತಾರೆ. ಹದಿನೈದು ದಿನಕ್ಕೊಮ್ಮೆ ಮಾತ್ರ ಶಾಲೆಯ ಒಪ್ಪಿಗೆ ಪಡೆದು ಇಲ್ಲಿಗೆ ಡ್ಯೂಟಿಗೆ ಬರುತ್ತಾರೆ. ಎಲ್ಲ 10ರಿಂದ 14 ವರ್ಷದವರು. ತಿಂಗಳುಗಟ್ಟಲೆ ತರಬೇತಿ, ಆಮೇಲೆ ಪರೀಕ್ಷೆ. ಶಾಲೆಯ ಅಂಕಗಳೂ ಚೆನ್ನಾಗಿರಬೇಕು. ಟಿಕೆಟ್ ಮಾರುವುದು, ಪಾಯಿಂಟ್ ಬದಲಿಸುವುದು, ಸಿಗ್ನಲ್ ಕೊಡುವುದು ಎಲ್ಲ ಅವರದೇ. ಎಂಜಿನ್ ಓಡಿಸುವವರು ದೊಡ್ಡವರು. ಸ್ಟೇಷನ್ನಿನಲ್ಲೂ ದೊಡ್ಡವರೊಬ್ಬರ ಕಣ್ಣು ಇದ್ದೇ ಇರುತ್ತದೆ. ಇರುವುದು ಒಂಟಿ ಹಳಿ. ಒಂದು ಮಗು ಮುಂದಿನ ಸ್ಟೇಷನ್ನಿನ ಇನ್ನೊಂದು ಮಗುವಿನ ಜೊತೆ ಮಾತಾಡಿಕೊಂಡ ಮೇಲೆಯೇ ರೈಲು ಹೊರಡಬೇಕು. ಮನೆಯಲ್ಲಿ ಲೋಟ ಎತ್ತಿಡದ ವಯಸ್ಸು!

ಮಕ್ಕಳ ರೈಲು ಸೋವಿಯತ್ ಕಲ್ಪನೆ. ಟಿಬಿಲಿಸಿಯಲ್ಲಿ 1935ರಲ್ಲೇ ಓಡಿತ್ತು. ಇಲ್ಲಿ 1948ರ ಏಪ್ರಿಲ್‌ನಲ್ಲಿ ಕೆಲಸ ಹಿಡಿದು ಜುಲೈ 31ಕ್ಕೇ ಮೊದಲ 3.2 ಕಿ.ಮೀ. ಓಡಿಸಿದರು. 1950ರ ಆಗಸ್ಟ್ 20ರ ಹೊತ್ತಿಗೆ ಸುಮಾರು 11 ಕಿ.ಮೀ. ಪೂರ್ತಿ. ಆಗಿನ ಹೆಸರು 'ಪಯನೀರ್ ರೈಲು', ಅಂದರೆ ಕಮ್ಯುನಿಸ್ಟ್ ಬಾಲದಳದ್ದು. ಆಳ್ವಿಕೆ ಬದಲಾದ ಮೇಲೆ ಕೆಲವು ಸ್ಟೇಷನ್ನುಗಳ ಹೆಸರೂ ಬದಲಾದವು. 'ಎಲೋರೆ' (ಮುಂದಕ್ಕೆ!) ಈಗ 'ವಿರಾಗ್‌ವೋಲ್ಜ್'. ವಿರಾಗ ಎಂದು ಓದಿ ನಾನು ಹಿಗ್ಗಿದೆ. ಹಂಗೇರಿಯನ್ನಿನಲ್ಲಿ ವಿರಾಗ್ ಅಂದರೆ ಹೂವು, ಆ ಜಾಗ ಹೂಕಣಿವೆ. ವೈರಾಗ್ಯಕ್ಕೂ ಅದಕ್ಕೂ ಏನೇನೂ ನಂಟಿಲ್ಲ, ಬಿಟ್ಟೆ.

ಹಳಿಯ ಅಗಲದಲ್ಲಾದರೂ ಊರಿನ ಗುರುತು ಸಿಕ್ಕೀತೇ ಎಂದು ಹುಡುಕಿದೆ. ಇದು 760 ಮಿ.ಮೀ.; 1913ರ ಬೌರಿಂಗ್‌ಪೇಟೆ–ಕೋಲಾರ ರೈಲಿನದು ಎರಡೂವರೆ ಅಡಿ, ಅಂದರೆ 762. ಎರಡೇ ಮಿಲಿಮೀಟರ್ ಅಂತರ! ಆದರೆ ಒಂದು ಆಸ್ಟ್ರಿಯಾ–ಹಂಗೇರಿಯ ಅಳತೆ, ಇನ್ನೊಂದು ಬ್ರಿಟಿಷರದು. ಅದನ್ನೂ ಬಿಡಬೇಕಾಯಿತು. ಇನ್ನು ನಮ್ಮ ಹನೂರಿನಲ್ಲಿ ಅಳೆಯಲು ಹಳಿಯೇ ಇಲ್ಲ. ರೈಲು ನೋಡಲು ಚಾಮರಾಜನಗರಕ್ಕೆ ಹೋಗಬೇಕು.

ಟಿಕೆಟ್ ಮಾತ್ರ ಹಳೇ ಕಾಲದ ರಟ್ಟಿನದು, ನಮ್ಮಲ್ಲಿ ಮೊದಲು ಕೊಡುತ್ತಿದ್ದಂಥದ್ದೇ. ಕೊಟ್ಟ ಹುಡುಗಿ ಚಿಲ್ಲರೆಯನ್ನು ಎರಡು ಸಲ ಎಣಿಸಿದಳು. ಅವ್ವ ಟಿಕೆಟ್ಟನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. ಹನೂರಿಗೆ ಹೋದವಳು ಮೊನ್ನೆ ಫೋನಿನಲ್ಲಿ ಕೇಳಿದ್ದು ನನ್ನ ಬಗ್ಗೆಯಲ್ಲ: "ಆ ಟಿಕೇಟ್ ಕೂಸು ಚೆಂದಾಗದ?"