ವರ್ಣಕ್ಲೇಶಕ್ಕೆ ಆಸರೆ: ನಡೆದುಬಂದ ದಾರಿ

ದೆಹಲಿಯ ಸರೋಜಿನಿ ನಗರಕ್ಕೆ ಯಾರ ನಾಮಧೇಯ ದೊರೆತಿದೆಯೋ ಆ ಸರೋಜಿನಿ ನಾಯಿಡು ಅವರು 1924ರಲ್ಲಿ ಕೀನ್ಯಾ ದೇಶಕ್ಕೆ ಹೋಗಿ, ಪೂರ್ವ ಆಫ್ರಿಕದ ಭಾರತೀಯ ಕಾಂಗ್ರೆಸ್ಸಿನ ಅಧ್ಯಕ್ಷಪೀಠದಿಂದ ವರ್ಣಭೇದದ ವಿರುದ್ಧ ವಾದಿಸಿದವರು. ಅವರ ಹೆಸರನ್ನು ಹೊತ್ತ ಇದೇ ಬಡಾವಣೆಯ ಮಾರುಕಟ್ಟೆಯಲ್ಲಿ, ಅಂಗಿಯೊಂದರ ಬೆಲೆ ಕೇಳುತ್ತ ನಿಂತ ಆಫ್ರಿಕದ ವಿದ್ಯಾರ್ಥಿನಿಯ ಬೆನ್ನ ಹಿಂದೆ, ಕಪ್ಪುಜನರನ್ನು ಹೀಯಾಳಿಸುವ ‘ಹಬ್ಶಿ’ ಎಂಬ ಕೂಗು ಎದ್ದುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಇಂಥ ಕೂಗನ್ನು ದಿನವೂ ಕೇಳಬೇಕಾದವರ ಮನಸ್ಸಿನಲ್ಲಿ ಸಂಚಯವಾಗುವ ಕ್ಲೇಶವನ್ನು ಈಚೆಗೆ ಕಚೇರಿಗಳೂ ಕಾಲೇಜುಗಳೂ ಸಾಮಾನ್ಯ ‘ಸ್ಟ್ರೆಸ್’ ಎಂದು ಬಗೆದು, ಒಂದು ಗಂಟೆಯ ಪ್ರಾಣಾಯಾಮದಿಂದ ಅದನ್ನು ನೀಗಬಹುದೆಂದು ಭಾವಿಸುತ್ತಿರುವುದನ್ನು ಕಂಡು, ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಮೂರು ದಶಕಗಳನ್ನು ಕಳೆದ ನಾನು ಈ ಕ್ಷೇತ್ರದ ಪೂರ್ವಚರಿತ್ರೆಯನ್ನು ನೆನಪಿಸುವುದು ಕರ್ತವ್ಯವೆಂದು ತಿಳಿದಿದ್ದೇನೆ.

ಆರಂಭದ ವೃತ್ತಾಂತ ದೀರ್ಘ ವಿವರಣೆಗೆ ಅರ್ಹವಲ್ಲ. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ಅಮೆರಿಕದ ವೈದ್ಯನು, ಗುಲಾಮರು ಒಡೆಯರಿಂದ ತಪ್ಪಿಸಿಕೊಂಡು ಓಡುವುದನ್ನೇ ಒಂದು ವ್ಯಾಧಿಯೆಂದು ಹೆಸರಿಸಿದನು. ನೊಂದವನಲ್ಲಿಯೇ ದೋಷವನ್ನರಸುವ ಆ ದೃಷ್ಟಿ ತಿರುಗಲು ಸುಮಾರು ಒಂದು ಶತಮಾನ ಹಿಡಿಯಿತು. 1946ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಚರ್ಚೊಂದರ ನೆಲಮಾಳಿಗೆಯಲ್ಲಿ ಲಫಾರ್ಗ್ ಚಿಕಿತ್ಸಾಲಯವು ಬಡ ಕಪ್ಪುಜನರಿಗೆ ಬಾಗಿಲು ತೆರೆಯಿತು. ಅದೇ ವರ್ಷ ಮನಶ್ಶಾಸ್ತ್ರಜ್ಞರಾದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿಗಳು ಹಾರ್ಲೆಮ್‌ನಲ್ಲಿಯೇ ಮಕ್ಕಳಿಗಾಗಿ ಒಂದು ಕೇಂದ್ರವನ್ನು ಸ್ಥಾಪಿಸಿದರು. 1968ರಲ್ಲಿ ಅಮೆರಿಕದ ಕಪ್ಪು ಮನಶ್ಶಾಸ್ತ್ರಜ್ಞರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಆದರೆ ಇವೆಲ್ಲಕ್ಕಿಂತಲೂ ನನ್ನ ಮನಸ್ಸು ಒಲಿದಿರುವುದು ನೈಜೀರಿಯಾದ ಆರೋ ಎಂಬಲ್ಲಿ 1954ರಲ್ಲಿ ಮನೋವೈದ್ಯ ಥಾಮಸ್ ಲಾಂಬೊ ಆರಂಭಿಸಿದ ಕ್ರಮಕ್ಕೆ: ರೋಗಿಯನ್ನು ಬಂಧುಗಳಿಂದ ಅಗಲಿಸದೆ, ಸುತ್ತಲಿನ ಹಳ್ಳಿಗಳ ಮನೆಗಳಲ್ಲಿಯೇ ಇರಿಸಿ, ಊರನ್ನೇ ಉಪಚಾರದ ಅಂಗವನ್ನಾಗಿ ಮಾಡಿದ ಕ್ರಮವದು.

ಇದಕ್ಕೆ ಸಜಾತೀಯವಾದ ಪಥವೇ ಕರ್ನಾಟಕದಲ್ಲಿ ನಮ್ಮ ತಲೆಮಾರನ್ನು ರೂಪಿಸಿತು. ನಿಮ್ಹಾನ್ಸ್ ಸಂಸ್ಥೆಯು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿಯೂ ಅನಂತರ ಬಳ್ಳಾರಿ ಜಿಲ್ಲೆಯಲ್ಲಿಯೂ ನಡೆಸಿದ ಪ್ರಯೋಗಗಳಿಂದ, ಮನಸ್ಸಿನ ಆರೈಕೆಯನ್ನು ಆಸ್ಪತ್ರೆಯ ಗೋಡೆಯಿಂದಾಚೆ ಪ್ರಾಥಮಿಕ ಆರೋಗ್ಯ ಕೇಂದ್ರದ ಜಗಲಿಗೆ ತರಬಹುದೆಂಬುದು ಸಿದ್ಧವಾಯಿತು. ವೈದ್ಯರ ಲೆಕ್ಕಕ್ಕೆ ಸೇರದ ಇನ್ನೊಂದು ನಿದರ್ಶನವನ್ನೂ ನಾನಿಲ್ಲಿ ಸೇರಿಸುತ್ತೇನೆ. ಪೂರ್ವಜರು ಆಫ್ರಿಕದಿಂದ ಬಂದ ಉತ್ತರ ಕನ್ನಡದ ಸಿದ್ದಿ ಜನರು, ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯಲ್ಲಿ ನೀನಾಸಂ ರಂಗಬಳಗದ ನೆರವಿನಿಂದ ನೈಜೀರಿಯಾದ ಲೇಖಕ ಚಿನುವ ಅಚೆಬೆಯ ಕಾದಂಬರಿಯೊಂದನ್ನು ಕನ್ನಡದ ರಂಗಕ್ಕೆ ತಂದರು. ತಮ್ಮ ಗುಂಗುರುಕೂದಲನ್ನೂ ಮೈಬಣ್ಣವನ್ನೂ ಕಂಡು ನಗುತ್ತಿದ್ದ ಊರಿನ ಮುಂದೆ ಅದೇ ಮೈಯಿಂದ ಘನತೆಯ ಪಾತ್ರಗಳನ್ನು ಆಡಿ ತೋರಿಸುವುದಕ್ಕಿಂತ ಮಿಗಿಲಾದ ಉಪಚಾರವನ್ನು ನಾನರಿಯೆ. ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ರಂಗವು ಮನ್ನಿಸಿದ್ದನ್ನು ರಾಜ್ಯವು ತಡವಾಗಿ ಮನ್ನಿಸಿತು.

ದೆಹಲಿಯ ಕಥೆ ಇಷ್ಟು ಸುಖದ್ದಲ್ಲ. 2014ರ ಜನವರಿಯಲ್ಲಿ ಖಿಡಕಿ ಬಡಾವಣೆಯಲ್ಲಿ ಆಫ್ರಿಕದ ಮಹಿಳೆಯರ ಮೇಲೆ ನಡುರಾತ್ರಿಯ ದಾಳಿ ನಡೆಯಿತು. 2016ರ ಮೇ ತಿಂಗಳಿನಲ್ಲಿ ವಸಂತಕುಂಜದ ಬಳಿ ಕಾಂಗೋ ದೇಶದ ಯುವಕನೊಬ್ಬನು ಆಟೋ ಹಿಡಿಯುವ ಜಗಳದಲ್ಲಿ ಹತನಾದನು. 2017ರ ಮಾರ್ಚ್ ತಿಂಗಳಿನಲ್ಲಿ ಗ್ರೇಟರ್ ನೋಯಿಡಾದಲ್ಲಿ ನೈಜೀರಿಯಾದ ವಿದ್ಯಾರ್ಥಿಗಳನ್ನು ಗುಂಪು ಥಳಿಸಿತು. ಆ ದಿನಗಳಲ್ಲಿ ಹೊರಗೆ ಹೋಗಬೇಡಿರೆಂದು ಎಚ್ಚರಿಸಿ ತಮ್ಮವರ ಪರವಾಗಿ ನಿಂತದ್ದು ಆಫ್ರಿಕದ ವಿದ್ಯಾರ್ಥಿಗಳ ಸಂಘ. ಖಿಡಕಿಯಲ್ಲಿಯೇ ನೆಲೆಸಿರುವ ಖೋಜ್ ಕಲಾಸಂಸ್ಥೆಯು ಆಫ್ರಿಕದ ಮತ್ತು ಸ್ಥಳೀಯ ನಿವಾಸಿಗಳನ್ನು ಒಂದೆಡೆ ಕೂಡಿಸಲು ಯತ್ನಿಸಿದ್ದನ್ನು ನಾನು ಚಿಕಿತ್ಸೆಯ ಚರಿತ್ರೆಯಲ್ಲಿಯೇ ಎಣಿಸುತ್ತೇನೆ.

ಉಳಿದಿರುವ ಕೊರತೆ ಕಾಯಿದೆಯಲ್ಲಿಯೇ ಇದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಚಿಕಿತ್ಸೆಯಲ್ಲಿ ಭೇದವೆಣಿಸಬಾರದ ಕಾರಣಗಳನ್ನು ಹೇಳುವಾಗ ಲಿಂಗ, ಧರ್ಮ, ಸಂಸ್ಕೃತಿ, ಜಾತಿ, ವರ್ಗ ಎಂದು ಹೆಸರು ಹಿಡಿದು ಹೇಳುತ್ತದೆ. ಜನಾಂಗದ ಹೆಸರು ಅಲ್ಲಿಲ್ಲ. ಲೈಂಗಿಕ ಕಿರುಕುಳದ ದೂರಿಗಾಗಿ 10 ಅಥವಾ ಹೆಚ್ಚು ನೌಕರರಿರುವ ಕಚೇರಿಯು ಆಂತರಿಕ ಸಮಿತಿಯನ್ನು ರಚಿಸತಕ್ಕದ್ದೆಂದು 2013ರ ಕಾಯಿದೆ ವಿಧಿಸಿದೆ. ವರ್ಣನಿಂದೆಗೆ ಗುರಿಯಾದ ನೌಕರನು ತಟ್ಟಬೇಕಾದ ಅಂಥ ಬಾಗಿಲು ಇಲ್ಲ. ಗಾಯವನ್ನು ಮಾಡಿದವರು ಹೊರಗಿರುವಾಗ ಗಾಯಗೊಂಡವನಿಗೆ ಮಾತ್ರ ಉಸಿರಾಟವನ್ನು ಕಲಿಸುವುದು ಉಪಚಾರವೆನಿಸದು. ಮೊದಲು ಆ ಬಾಗಿಲನ್ನು ಕಟ್ಟೋಣ.