ಅಕ್ಷರರೂಪದ ಆಟಗಳಲ್ಲಿ ಪಾತ್ರವರ್ಣನೆ

ರಂಗಸ್ಥಳಕ್ಕೆ ಬರುವ ನಟನಿಗೆ ವೇಷಭೂಷಣಗಳ ಸಹಾಯವುಂಟು. ಚಿತ್ರದಲ್ಲಿ ಕಾಣುವ ಮುಖಕ್ಕೆ ಬಣ್ಣದ ಸಹಾಯವುಂಟು. ಇವೆರಡೂ ಇಲ್ಲದೆ ಬರಿಯ ಅಕ್ಷರಗಳಿಂದಲೇ ಮನುಷ್ಯನು ತನ್ನ ರೂಪವನ್ನು ಇತರರ ಮುಂದೆ ನಿಲ್ಲಿಸಬೇಕಾದ ಪ್ರಸಂಗವು ಇಪ್ಪತ್ತನೆಯ ಶತಮಾನದ ಕಡೆಯ ಭಾಗದಲ್ಲಿ ಗಣಕಯಂತ್ರದ ಆಟಗಳಿಂದ ಒದಗಿತು. ವೇಷವಿಲ್ಲದೆ ಮಾತಿನಿಂದಲೇ ಪಾತ್ರವು ಮೂಡುವ ತಾಳಮದ್ದಳೆಯನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸಲಾರದು. ಆದರೆ ಇಲ್ಲಿ ಆಡುವವರು ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ. ಬೇರೆ ಬೇರೆ ಊರುಗಳಲ್ಲಿ ಕುಳಿತು, ತಂತಿಯ ಮೂಲಕ ಒಂದೇ ಯಂತ್ರವನ್ನು ಸೇರಿದವರು.

ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ರಾಯ್ ಟ್ರಬ್‌ಷಾ ಅವರು 1978ರಲ್ಲಿ ಇಂತಹದೊಂದು ಆಟವನ್ನು ರಚಿಸಿ ಅದಕ್ಕೆ ‘ಮಡ್’ ಎಂದು ಹೆಸರಿಟ್ಟರು. 1980ರಲ್ಲಿ ಅದರ ಭಾರವನ್ನು ಅವರ ಸಹಪಾಠಿ ರಿಚರ್ಡ್ ಬಾರ್ಟಲ್ ಅವರು ವಹಿಸಿಕೊಂಡರು. ಆ ಆಟದಲ್ಲಿ ಸ್ಥಳಗಳಿಗೆಲ್ಲ ವರ್ಣನೆಯಿದ್ದಿತು. ಆಟಗಾರನಿಗಾದರೋ ಹೆಸರೂ ಪದವಿಯೂ ಮಾತ್ರ. ನಿಧಿಗಳನ್ನು ಸಂಗ್ರಹಿಸಿ, ಕಾದಾಡಿ, ಅಂಕಗಳನ್ನು ಸಂಪಾದಿಸಿದಂತೆಲ್ಲ ಅವನು ಹೊಸಬ, ಯೋಧ, ವೀರ ಎಂದು ಮೇಲೇರಿ ಕಡೆಗೆ ಮಾಂತ್ರಿಕನಾಗುತ್ತಿದ್ದನು. ಎದುರಾದವರಿಗೆ ಅವನ ಬಲವು ತಿಳಿಯುತ್ತಿದ್ದಿತೇ ಹೊರತು ರೂಪವು ಕಾಣುತ್ತಿರಲಿಲ್ಲ. ಸ್ಪರ್ಧೆಯೇ ಮುಖ್ಯವಾಗಿದ್ದಲ್ಲಿ ಅಷ್ಟೇ ಸಾಕಾಗಿದ್ದಿತು.

1989ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಜೇಮ್ಸ್ ಆಸ್ಪ್ನೆಸ್ ಅವರು ‘ಟೈನಿಮಡ್’ ಎಂಬುದನ್ನು ರಚಿಸಿದಾಗ ಈ ಸ್ಥಿತಿಯು ಬದಲಾಯಿತು. ಅಲ್ಲಿ ಅಂಕಗಳ ಏಣಿಯಿರಲಿಲ್ಲ. ಮಾತುಕತೆಯೂ ಹೊಸ ಸ್ಥಳಗಳ ನಿರ್ಮಾಣವೂ ಪ್ರಧಾನವಾದುವು. ‘ಡಿಸ್ಕ್ರೈಬ್’ ಎಂಬ ಆಜ್ಞೆಯಿಂದ ಪ್ರತಿಯೊಬ್ಬನೂ ತನ್ನ ವರ್ಣನೆಯನ್ನು ತಾನೇ ಬರೆದಿಡಬಹುದಾಗಿದ್ದಿತು. ಇನ್ನೊಬ್ಬನು ‘ಲುಕ್’ ಎಂದು ಕೇಳಿದರೆ ಯಂತ್ರವು ಅದನ್ನು ತೋರಿಸುತ್ತಿದ್ದಿತು. ಏನನ್ನೂ ಬರೆಯದವನ ವಿಷಯದಲ್ಲಿ, ವಿಶೇಷವೇನೂ ಕಾಣುತ್ತಿಲ್ಲವೆಂದು ಉತ್ತರ ಬರುತ್ತಿದ್ದಿತು. ಬರೆಯದವನಿಗೆ ಆ ಲೋಕದಲ್ಲಿ ಮುಖವೇ ಇಲ್ಲ.

ಇದಾದ ಮರುವರ್ಷ ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದಲ್ಲಿದ್ದ ಪಾವೆಲ್ ಕರ್ಟಿಸ್ ಅವರು ‘ಲ್ಯಾಂಬ್ಡಮೂ’ ಎಂಬ ಲೋಕವನ್ನು ಸ್ಥಾಪಿಸಿದರು. ಅದರ ನಡುಮನೆಯು ಅವರ ಸ್ವಂತ ಮನೆಯ ಮಾದರಿಯದು. ಅಲ್ಲಿ ಗಂಡು ಹೆಣ್ಣುಗಳಲ್ಲದೆ ಬೇರೆ ಲಿಂಗಗಳನ್ನೂ, ಅವಕ್ಕೆ ತಕ್ಕ ಸರ್ವನಾಮಗಳನ್ನೂ ಆರಿಸಿಕೊಳ್ಳಬಹುದಾಗಿದ್ದಿತು. ಇಷ್ಟು ಸ್ವಾತಂತ್ರ್ಯವಿದ್ದರೂ, ಗೂಢನೂ ಮಹಾಬಲಶಾಲಿಯೂ ಆದ ಪುರುಷನೆಂದು ತನ್ನನ್ನು ಚಿತ್ರಿಸಿಕೊಂಡವರು ಲೆಕ್ಕಕ್ಕೆ ಸಿಕ್ಕದಷ್ಟು ಮಂದಿ ಇದ್ದರೆಂದು ಕರ್ಟಿಸ್ ಅವರೇ 1992ರ ಪ್ರಬಂಧದಲ್ಲಿ ಹೇಳಿರುವರು.

ಇಂತಹ ಅನುಭವಗಳಿಂದಲೇ ಈ ಕಲೆಯ ನಿಯಮಗಳು ಬೆಳೆದುವು. ಅಂದಿನ ತೆರೆಯಲ್ಲಿ ಸಾಮಾನ್ಯವಾಗಿ ಹಿಡಿಯುತ್ತಿದ್ದುದು 24 ಸಾಲು. ವರ್ಣನೆಯು ದೀರ್ಘವಾದರೆ ನಡೆಯುತ್ತಿರುವ ಸಂಭಾಷಣೆಯೇ ಮರೆಯಾಗುವುದು. ಕಣ್ಣು ಕೂದಲುಗಳ ಬಣ್ಣವನ್ನು ಪಟ್ಟಿಮಾಡುವುದಕ್ಕಿಂತ, ಮಸಿ ತಗಲಿದ ಬೆರಳೊಂದನ್ನು ಹೇಳಿದರೆ ಲೇಖಕನೊಬ್ಬನು ಎದುರಿಗೆ ನಿಲ್ಲುವನು. ಬರೆದಿಟ್ಟ ವರ್ಣನೆಯನ್ನು ಯಾರು ಯಾವಾಗ ಬೇಕಾದರೂ ಓದಬಹುದಾದುದರಿಂದ, ಕ್ಷಣಿಕವಾದುದನ್ನು ಅದರಲ್ಲಿ ಸೇರಿಸಬಾರದು. ಸದಾ ನಗುತ್ತಿರುವನೆಂದು ಬರೆದುಕೊಂಡವನು ಅಳುವಾಗಲೂ ನಗುತ್ತಲೇ ಕಾಣುವನು. ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ, ನೋಡುವವನ ಮನಸ್ಸನ್ನು ವರ್ಣಿಸಕೂಡದು. ‘ಇವನನ್ನು ಕಂಡೊಡನೆ ನೀನು ನಡುಗುವೆ’ ಎಂದು ಬರೆದವನು ತನ್ನ ರೂಪವನ್ನು ಹೇಳಿದವನಲ್ಲ. ಇತರರ ಪಾತ್ರವನ್ನು ಅಪಹರಿಸಿದವನು.

ಇದು ಕೇವಲ ರುಚಿಯ ಮಾತಲ್ಲವೆಂಬುದು 1993ರಲ್ಲಿ ಲ್ಯಾಂಬ್ಡಮೂದಲ್ಲಿ ಸ್ಪಷ್ಟವಾಯಿತು. ಮಿಸ್ಟರ್ ಬಂಗಲ್ ಎಂಬ ಹೆಸರಿನ ಪಾತ್ರವೊಂದು, ಸ್ಥೂಲಕಾಯದ ವಿದೂಷಕನ ರೂಪವನ್ನು ತಾಳಿ, ಒಂದು ಕ್ರಮವಿಧಿಯ ಬಲದಿಂದ ಇತರರ ಪಾತ್ರಗಳು ಹೇಯಕೃತ್ಯಗಳನ್ನು ಮಾಡಿದಂತೆ ಎಲ್ಲರೆದುರಿಗೆ ಬರೆಯಿಸಿತು. ಯಾರ ದೇಹಕ್ಕೂ ಗಾಯವಾಗಲಿಲ್ಲ. ಆದರೆ ಪಾತ್ರಗಳ ಒಡತಿಯರ ದುಃಖವು ನಿಜವಾಗಿದ್ದಿತು. ದೀರ್ಘವಾದ ಚರ್ಚೆಯ ತರುವಾಯ ಅಧಿಕಾರಿಯೊಬ್ಬರು ಆ ಪಾತ್ರವನ್ನು ಅಳಿಸಿಹಾಕಿದರು. ಕರ್ಟಿಸ್ ಅವರು ಮುಂದೆ ಇಂತಹ ವಿಷಯಗಳನ್ನು ನಿವಾಸಿಗಳ ಮನವಿ ಮತ್ತು ಮತದಾನಗಳಿಂದ ತೀರ್ಮಾನಿಸುವ ಏರ್ಪಾಡು ಮಾಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಜೂಲಿಯನ್ ಡಿಬೆಲ್ ಅವರು ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಈ ವೃತ್ತಾಂತವು ಹೊರಲೋಕಕ್ಕೂ ತಿಳಿಯಿತು.

ತರುವಾಯ ಚಿತ್ರರೂಪದ ಆಟಗಳು ಬಂದು ಬಹುಜನರನ್ನು ಸೆಳೆದುಕೊಂಡುವು. ಆದರೂ ಅಕ್ಷರರೂಪದ ಆಟಗಳು ಅಳಿದಿಲ್ಲ. ಬರಹವನ್ನು ಓದಿಹೇಳುವ ತಂತ್ರಾಂಶದ ನೆರವಿನಿಂದ ಅಂಧರೂ ಅವುಗಳಲ್ಲಿ ಇತರರಿಗೆ ಸಮನಾಗಿ ಆಡುತ್ತಿರುವರು. ಅಲ್ಲಿ ಪ್ರತಿಯೊಬ್ಬ ಹೊಸಬನೂ ಇಂದಿಗೂ ಮೊದಲು ತನ್ನ ಕುರಿತು ನಾಲ್ಕು ಮಾತು ಬರೆಯಬೇಕು. ಆ ನಾಲ್ಕು ಮಾತುಗಳಲ್ಲಿ ಅವನು ಏನಾದರೂ ಆಗಬಹುದು. ಎದುರಿನವನು ಏನಾಗಬೇಕೆಂಬುದನ್ನು ಮಾತ್ರ ಎದುರಿನವನಿಗೇ ಬಿಡಬೇಕು.